ಪಾಸ್‌ನ ಇನ್ನೊಂದು ತುದಿ

ವರ್ಜೀನಿಯಾ ವಿಶ್ವವಿದ್ಯಾಲಯದ 2018-19ರ ಬ್ಯಾಸ್ಕೆಟ್‌ಬಾಲ್ ತಂಡದ ಎಂಟು ಆಟಗಾರರನ್ನು ಒಂದರಿಂದ ಎಂಟರವರೆಗೆ ಸಾಲಾಗಿ ನಿಲ್ಲಿಸುವುದು ಈ ವಾರದ ಕೆಲಸ. ಕಳೆದ ವಾರವೇ ಮಾತು ಕೊಟ್ಟಾಗಿದೆ. ಇಷ್ಟು ಹಳೆಯ ತಂಡ ಯಾಕೆ ಎಂದರೆ, ಸೀಸನ್‌ಗೆ ಮುಂಚೆ ಕಾಲೇಜು ತಂಡವೊಂದರ ಪಟ್ಟಿಯನ್ನು ಅಳೆಯುವುದು ಬರೀ ಊಹೆ. ಎಲ್ಲ ಮುಗಿದು, ಫಲಿತಾಂಶ ಕಲ್ಲಿನ ಮೇಲೆ ಬರೆದಂತಾದ ಮೇಲೆ ಅದೇ ಪಟ್ಟಿಯನ್ನು ಇನ್ನೊಮ್ಮೆ ಅಳೆಯಬೇಕು. ಆಗ ಆಟಗಾರರ ಜೊತೆಗೆ ನಮ್ಮ ಅಳತೆಗೋಲಿನ ಯೋಗ್ಯತೆಯೂ ಗೊತ್ತಾಗುತ್ತದೆ.

ಈ ತಂಡದ ಕಥೆ ಅಂಕಣದ ಓದುಗರಿಗೆ ಬಾಯಿಪಾಠ. 2018ರ ಮಾರ್ಚ್ 16ರಂದು ಷಾರ್ಲೆಟ್‌ನಲ್ಲಿ 16ನೇ ಶ್ರೇಯಾಂಕದ ಯುಎಂಬಿಸಿ ಎದುರು 74-54ರಿಂದ ಸೋಲು. 1ನೇ ಶ್ರೇಯಾಂಕದ ತಂಡ 16ನೆಯದಕ್ಕೆ ಸೋತದ್ದು ಪುರುಷರ ರಾಷ್ಟ್ರೀಯ ಕಾಲೇಜು ಟೂರ್ನಿಯ ಚರಿತ್ರೆಯಲ್ಲಿ ಅದೇ ಮೊದಲು. ಮರುವರ್ಷ 35 ಗೆಲುವು, 3 ಸೋಲು, ಮಿನಿಯಾಪೊಲಿಸ್‌ನಲ್ಲಿ ಚಾಂಪಿಯನ್ ಪಟ್ಟ. ಫೈನಲ್ ನಡೆದದ್ದು ಅಲ್ಲಿನ ಏಪ್ರಿಲ್ 8ರ ಸೋಮವಾರ ರಾತ್ರಿ. ನಮಗಿಲ್ಲಿ ಅದು ಮಂಗಳವಾರ ಬೆಳಗಿನ ಕಾಫಿಯ ಹೊತ್ತು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯದಲ್ಲಿ ಟೆಕ್ಸಸ್ ಟೆಕ್ ಸೋತದ್ದು 85-77ರಿಂದ.

ಸರಿ, ಸುಲಭದವರಿಂದ ಶುರು ಮಾಡೋಣ.

ಡಿಆಂಡ್ರೆ ಹಂಟರ್. ಫಿಲಡೆಲ್ಫಿಯಾದ ಹುಡುಗ, 6 ಅಡಿ 7 ಇಂಚು. 2016ರಲ್ಲಿ ಸೇರಿದವನನ್ನು ಕೋಚ್ ಟೋನಿ ಬೆನೆಟ್ ಒಂದು ಇಡೀ ವರ್ಷ ಪಂದ್ಯವಾಡಿಸದೆ ರೆಡ್‌ಶರ್ಟ್ ಹಾಕಿ ಕೂರಿಸಿದರು. ಅದರ ಮರುವರ್ಷ ಬೆಂಚಿನಿಂದ ಬಂದು ಎಸಿಸಿ ಲೀಗ್‌ನ ಸಿಕ್ಸ್ತ್ ಮ್ಯಾನ್ ಪ್ರಶಸ್ತಿ ಪಡೆದ. ಯುಎಂಬಿಸಿ ಪಂದ್ಯಕ್ಕೆ ಮಣಿಕಟ್ಟು ಮುರಿದುಕೊಂಡು ಹೊರಗಿದ್ದ ಎಂಬುದನ್ನು ಆ ಸೋಲಿನ ಬಗ್ಗೆ ಮಾತಾಡುವವರು ಮರೆಯಬಾರದು. 2019ರಲ್ಲಿ ಸರಾಸರಿ 15.2 ಅಂಕ, ಜೊತೆಗೆ ಕೋಚ್‌ಗಳ ಸಂಘ ಕೊಡುವ ದೇಶದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ. ಫೈನಲ್‌ನಲ್ಲಿ 27 ಅಂಕ, ಅದರಲ್ಲಿ 22 ವಿರಾಮದ ನಂತರ. ಇವನ ಕಾವಲಿನಲ್ಲಿ ಟೆಕ್ಸಸ್ ಟೆಕ್‌ನ ಜಾರೆಟ್ ಕಲ್ವರ್ 22 ಬಾರಿ ಬುಟ್ಟಿಗೆ ಎಸೆದು ಹಾಕಲಾದದ್ದು 5 ಮಾತ್ರ. ಎರಡೂ ತುದಿಯಲ್ಲಿ ಇಷ್ಟು ಮಾಡಿದವನು ಪಟ್ಟಿಯ ತಲೆಯಲ್ಲಿ ಇರಲೇಬೇಕು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ಕೈಲ್ ಗೈ. ಇಂಡಿಯಾನಾಪೊಲಿಸ್‌ನವನು, ಇಂಡಿಯಾನಾ ರಾಜ್ಯದ 2016ರ ಮಿಸ್ಟರ್ ಬ್ಯಾಸ್ಕೆಟ್‌ಬಾಲ್. ಸರಾಸರಿ 15.4, ಮೂರಂಕದ ಎಸೆತದಲ್ಲಿ ನೂರಕ್ಕೆ 42ಕ್ಕೂ ಹೆಚ್ಚು. ಸೆಮಿಫೈನಲ್‌ನಲ್ಲಿ ಆಬರ್ನ್ ಎರಡು ಅಂಕ ಮುಂದಿದ್ದಾಗ, 0.6 ಸೆಕೆಂಡ್ ಉಳಿದಿರುವಾಗ ಫೌಲ್ ಗಳಿಸಿ, ಮೂರು ಫ್ರೀ ಥ್ರೋಗಳನ್ನೂ ಹಾಕಿ 63-62ರಿಂದ ಗೆಲ್ಲಿಸಿದವನು. ಹಿಂದಿನ ವರ್ಷದ ಸೋಲಿನ ಚಿತ್ರವನ್ನು ಮರೆಯದಿರಲೆಂದು ಕಣ್ಣೆದುರೇ ಇಟ್ಟುಕೊಂಡಿದ್ದವನಿಗೆ ಆ ಮೂರು ಎಸೆತಗಳು ಎಷ್ಟು ಭಾರವಾಗಿದ್ದಿರಬೇಕು.

ಟೈ ಜೆರೋಮ್. ನ್ಯೂಯಾರ್ಕ್ ರಾಜ್ಯದ ನ್ಯೂ ರೋಶೆಲ್‌ನವನು, 6 ಅಡಿ 5 ಇಂಚಿನ ಗಾರ್ಡ್. ವೇಗ ಸಾಲದು, ಜಿಗಿತ ಸಾಲದು ಎಂದು ಹೇಳಿಸಿಕೊಂಡೇ ಬೆಳೆದವನು. ಸರಾಸರಿ 13.6 ಅಂಕ, 5.5 ಅಸಿಸ್ಟ್. ಫೈನಲ್‌ನ ಕೊನೆಯಲ್ಲಿ ಮೂರಂಕ ಹಿಂದಿದ್ದಾಗ ಒಳಗೆ ನುಗ್ಗಿ, ಇಡೀ ರಕ್ಷಣೆಯನ್ನು ತನ್ನತ್ತ ಸೆಳೆದುಕೊಂಡು, ಬಲಮೂಲೆಯಲ್ಲಿದ್ದ ಹಂಟರ್‌ಗೆ ಚೆಂಡು ಕಳಿಸಿದವನು ಇವನೇ. ಹಂಟರ್ ಹಾಕಿದ, 68-68 ಆಯಿತು. ಪತ್ರಿಕೆಗಳ ಮುಖಪುಟಕ್ಕೆ ಎಸೆದವನ ಚಿತ್ರ ಬಂತು.

ಇಲ್ಲಿಯವರೆಗೆ ಅಂಕಪಟ್ಟಿಯೇ ನಮಗೆ ಸಾಕ್ಷಿ ಹೇಳಿತು. ತೊಂದರೆ ಶುರುವಾಗುವುದು ನಾಲ್ಕನೆಯವನಿಂದ. ಮಮಾಡಿ ಡಿಯಾಕಿಟೆ ಗಿನಿಯ ಕೊನಾಕ್ರಿಯಿಂದ ಬಂದವನು, ಸರಾಸರಿ ಏಳು ಚಿಲ್ಲರೆ ಅಂಕ. ಬ್ರಾಕ್ಸ್‌ಟನ್ ಕೀ ಅಲಬಾಮಾದಿಂದ ವರ್ಗವಾಗಿ ಬಂದವನು, ಅಂಕಗಳು ಇನ್ನೂ ಕಡಿಮೆ. ಕಿಹೇ ಕ್ಲಾರ್ಕ್ ಮೊದಲ ವರ್ಷದ ಹುಡುಗ, 5 ಅಡಿ 9 ಇಂಚು, ಸರಾಸರಿ ಐದಕ್ಕೂ ಕೆಳಗೆ. ಜೇ ಹಫ್ 7 ಅಡಿ ದಾಟಿದ ಉದ್ದನೆಯವನು, ಆಡಲು ಸಿಕ್ಕಿದ್ದು ಕೆಲವೇ ನಿಮಿಷ. ಕೊನೆಗೆ ಜ್ಯಾಕ್ ಸಾಲ್ಟ್. ಆಕ್ಲೆಂಡ್‌ನಿಂದ ಬಂದು ಐದು ವರ್ಷ ಅಲ್ಲೇ ಉಳಿದ ದೈತ್ಯ, ಸರಾಸರಿ ನಾಲ್ಕಕ್ಕೂ ಕಡಿಮೆ.

ಈ ಸಾಲ್ಟ್ ವಿಷಯಕ್ಕೆ ಬಂದರೆ ನನ್ನ ಹಳೆಯ ಹಟ ಮೇಲೆ ಬರುತ್ತದೆ. ಅಂಕಪಟ್ಟಿಯಲ್ಲಿ ಸ್ಕ್ರೀನ್‌ಗೆ ಒಂದು ಕಾಲಂ ಇಲ್ಲ ಎಂದು ಈ ಅಂಕಣ ಹುಟ್ಟಿದಾಗಿನಿಂದ ಬರೆಯುತ್ತಿದ್ದೇನೆ, ಇಂದೂ ಬರೆಯುತ್ತೇನೆ. ಬೆನೆಟ್ ಅವರ ಆಕ್ರಮಣದ ಕ್ರಮದಲ್ಲಿ ಮೂವರು ಓಡುತ್ತಲೇ ಇರುತ್ತಾರೆ, ಇಬ್ಬರು ತಡೆಗೋಡೆಯಾಗಿ ನಿಲ್ಲುತ್ತಾರೆ. ಗೈ ಎಂಬ ಓಟಗಾರ ಬುಟ್ಟಿಯ ಕೆಳಗಿನಿಂದ ಹೊರಟು, ಸಾಲ್ಟ್‌ನ ಭುಜಕ್ಕೆ ತನ್ನ ಭುಜ ಉಜ್ಜಿಕೊಂಡೇ ತಿರುಗಿ ಹೊರಬರುತ್ತಾನೆ. ಬೆನ್ನುಹತ್ತಿದವನು ಸಾಲ್ಟ್‌ಗೆ ಡಿಕ್ಕಿ ಹೊಡೆದು ಅರ್ಧ ಹೆಜ್ಜೆ ಹಿಂದಾಗುತ್ತಾನೆ. ಆ ಅರ್ಧ ಹೆಜ್ಜೆಯೇ ಗೈನ ಮೂರಂಕ. ಲೆಕ್ಕ ಬರೆಯುವವನು ಗೈಗೆ 3 ಎಂದೂ ಜೆರೋಮ್‌ಗೆ ಒಂದು ಅಸಿಸ್ಟ್ ಎಂದೂ ಬರೆದುಕೊಂಡು ಮುಂದೆ ಹೋಗುತ್ತಾನೆ. ಸಾಲ್ಟ್‌ನ ಹೆಸರಿನ ಮುಂದೆ ಏನೂ ಬೀಳುವುದಿಲ್ಲ. ಯಕ್ಷಗಾನದಲ್ಲಿ ಚಪ್ಪಾಳೆ ವೇಷಕ್ಕೆ ಹೋಗುತ್ತದೆ, ಆದರೆ ಮದ್ದಳೆ ತಾಳ ಬಿಟ್ಟ ದಿನ ಎಂಥ ವೇಷಧಾರಿಗೂ ಕಾಲು ಬರುವುದಿಲ್ಲ. ಸಾಲ್ಟ್ ಈ ತಂಡದ ಮದ್ದಳೆಗಾರ.

ಇದನ್ನು ಒಪ್ಪದ ಒಂದು ಪಂಥವಿದೆ. ಡ್ರಾಫ್ಟ್ ಪಂಥ ಎಂದು ಕರೆಯುತ್ತೇನೆ. ಕಾಲೇಜು ತಂಡದ ಪಟ್ಟಿ ಕೈಗೆ ಸಿಕ್ಕರೆ ಅವರು ಕೇಳುವ ಪ್ರಶ್ನೆ ಒಂದೇ: ಇವರಲ್ಲಿ ಎಷ್ಟು ಜನ ಎನ್‌ಬಿಎಗೆ, ಎಷ್ಟನೆಯ ಆಯ್ಕೆಯಾಗಿ ಹೋಗುತ್ತಾರೆ? ತೋಳಿನ ಉದ್ದ, ಜಿಗಿತದ ಎತ್ತರ, ವಯಸ್ಸು ಇಷ್ಟನ್ನು ಕೂಡಿಸಿದರೆ ತಂಡದ ಬೆಲೆ ಸಿಕ್ಕಿತು ಎಂಬುದು ಅವರ ಸಿದ್ಧಾಂತ. ಆ ಸೀಸನ್‌ನಲ್ಲಿ ಅವರ ಆರಾಧ್ಯ ತಂಡ ಡ್ಯೂಕ್. ಜಯಾನ್ ವಿಲಿಯಮ್ಸನ್, ಆರ್‌ಜೆ ಬ್ಯಾರೆಟ್, ಕ್ಯಾಮ್ ರೆಡಿಶ್ ಮೂವರೂ ಮೊದಲ ವರ್ಷದವರು. ಆ ಜೂನ್‌ನಲ್ಲಿ ಕ್ರಮವಾಗಿ 1, 3 ಮತ್ತು 10ನೇ ಆಯ್ಕೆಯಾದರು. ವರ್ಜೀನಿಯಾದಿಂದ ಹಂಟರ್ 4ನೆಯವನಾದ, ಜೆರೋಮ್ 24, ಗೈ 55. ಉಳಿದ ಐವರ ಹೆಸರು ಆ ರಾತ್ರಿ ಯಾರೂ ಕೂಗಲಿಲ್ಲ.

ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ವರ್ಷ ಡ್ಯೂಕ್ ವರ್ಜೀನಿಯಾವನ್ನು ಎರಡು ಬಾರಿಯೂ ಸೋಲಿಸಿತು. ಡರ್ಹಮ್‌ನಲ್ಲಿ 72-70, ಷಾರ್ಲಟ್ಸ್‌ವಿಲ್‌ನಲ್ಲಿ 81-71. ಪ್ರತಿಭೆಗೆ ಬೆಲೆ ಇಲ್ಲ ಎನ್ನುವವನು ಬ್ಯಾಸ್ಕೆಟ್‌ಬಾಲ್ ನೋಡಿಲ್ಲ; ಜಯಾನ್‌ನಂಥವನು ಎದುರಿಗಿದ್ದರೆ ಯಾವ ವ್ಯೂಹವೂ ಅರ್ಧ ಗಂಟೆ ನಿಲ್ಲುವುದಿಲ್ಲ. ಆದರೂ ಡ್ಯೂಕ್ ಫೈನಲ್ ಫೋರ್ ತಲುಪದೆ ಮಿಷಿಗನ್ ಸ್ಟೇಟ್ ಎದುರು 68-67ಕ್ಕೆ ನಿಂತಿತು. ಹಾಗೆಂದು ಒಂದಂಕದ ಸೋಲನ್ನು ಹಿಡಿದುಕೊಂಡು ನಾನು ಗೆದ್ದೆ ಎನ್ನುವುದಿಲ್ಲ, ವರ್ಜೀನಿಯಾ ಕೂಡ ಒಂದಂಕದಿಂದಲೇ ಆಬರ್ನ್ ದಾಟಿದ್ದು. ಡ್ರಾಫ್ಟ್ ಪಂಥದ ಜೊತೆ ನನ್ನ ತಕರಾರು ಬೇರೆ. ಅವರು ಒಬ್ಬೊಬ್ಬನನ್ನೂ ಒಂಟಿಯಾಗಿ ನಿಲ್ಲಿಸಿ ಅಳೆದು, ಕೊನೆಗೆ ಕೂಡಿಸುತ್ತಾರೆ. ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ ಒಬ್ಬನನ್ನು ಆರಿಸುವಾಗ ಆ ಕ್ರಮ ಸರಿ, ಅವರಿಗೆ ಬೇಕಾದದ್ದು ಒಬ್ಬನೇ. ಕೋರ್ಟಿನಲ್ಲಿರುವುದು ಐವರು. ಒಬ್ಬನ ಕೊರತೆಯನ್ನು ಇನ್ನೊಬ್ಬ ಮುಚ್ಚುತ್ತಾನೆಯೇ ಎಂಬುದನ್ನು ಆ ಕೂಡಿಸುವ ಲೆಕ್ಕ ಎಂದೂ ಹೇಳುವುದಿಲ್ಲ.

ವರ್ಜೀನಿಯಾದ ಪ್ಯಾಕ್ ಲೈನ್ ರಕ್ಷಣೆಯನ್ನೇ ನೋಡಿ. ಟೋನಿಯವರ ತಂದೆ ಡಿಕ್ ಬೆನೆಟ್ ರೂಪಿಸಿದ ಪದ್ಧತಿ ಅದು. ಚೆಂಡು ಹಿಡಿದವನ ಮೇಲೆ ಒಬ್ಬ ಮುಗಿಬೀಳಬೇಕು, ಉಳಿದ ನಾಲ್ವರು ಬುಟ್ಟಿಯಿಂದ ಸುಮಾರು 16 ಅಡಿಯಲ್ಲಿರುವ ಕಾಣದ ಗೆರೆಯೊಳಗೆ ಜಾಗ ಹಿಡಿದಿರಬೇಕು. ಕ್ಲಾರ್ಕ್ ಅಷ್ಟು ಕುಳ್ಳಗಿದ್ದೂ ಎದುರಾಳಿ ಗಾರ್ಡ್‌ನ ಮೂಗಿಗೆ ಮೂಗು ತಾಗಿಸಿ ಕಾಡಲು ಸಾಧ್ಯವಾದದ್ದು, ಅವನನ್ನು ದಾಟಿ ಬಂದವನಿಗೆ ಹಿಂದೆ ಹಂಟರ್ ಮತ್ತು ಡಿಯಾಕಿಟೆ ಕಾದಿದ್ದರಿಂದ. ಕ್ಲಾರ್ಕ್ ಚೆಂಡಿನ ಕಾವಲು ವಹಿಸಿಕೊಂಡದ್ದರಿಂದಲೇ ಜೆರೋಮ್ ಮತ್ತು ಗೈ ಕಾಲಿನ ಕಸುವನ್ನು ಆಕ್ರಮಣಕ್ಕೆ ಉಳಿಸಿಕೊಂಡರು. ಕ್ಲಾರ್ಕ್‌ನನ್ನು ಒಂಟಿಯಾಗಿ ಅಳೆದರೆ 5 ಅಡಿ 9 ಇಂಚು. ಅವನಿಂದ ಯಾರ್ಯಾರ ಕೆಲಸ ಹಗುರವಾಯಿತು ಎಂದು ಅಳೆದರೆ ಅಂಕಿಯೇ ಬದಲಾಗುತ್ತದೆ.

ಕ್ಲಾರ್ಕ್‌ನ ಹೆಸರು ಬಂದಮೇಲೆ ಆ ಪಾಸ್‌ನ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಮಾರ್ಚ್ 30, 2019, ಲೂಯಿವಿಲ್. ಪರ್ಡ್ಯೂ ಎದುರು ಕ್ವಾರ್ಟರ್‌ಫೈನಲ್. ಕಾರ್ಸನ್ ಎಡ್ವರ್ಡ್ಸ್ ಹತ್ತು ಮೂರಂಕಗಳೊಂದಿಗೆ 42 ಅಂಕ ಗಳಿಸಿದ ಪಂದ್ಯ. ಪರ್ಡ್ಯೂ 70-67 ಮುಂದಿದೆ, 5.9 ಸೆಕೆಂಡ್ ಬಾಕಿ, ಜೆರೋಮ್ ಫ್ರೀ ಥ್ರೋ ಗೆರೆಯಲ್ಲಿ. ಮೊದಲನೆಯದು ಬಿತ್ತು, ಎರಡನೆಯದು ತಪ್ಪಿತು. ಡಿಯಾಕಿಟೆ ಎಲ್ಲರ ಮೇಲಿಂದ ಕೈಚಾಚಿ ಚೆಂಡನ್ನು ಹಿಂದಕ್ಕೆ ತಟ್ಟಿದ. ಅದು ಅರ್ಧ ಗೆರೆ ದಾಟಿ ಉರುಳಿತು. ಕ್ಲಾರ್ಕ್ ಓಡಿ ಹಿಡಿದು ತಿರುಗಿದ. ಜೆರೋಮ್ ಮತ್ತು ಗೈ ಇಬ್ಬರೂ ಚೆಂಡಿಗಾಗಿ ಕೈ ಎತ್ತಿ ಕರೆಯುತ್ತಿದ್ದರು, ಕರೆಯಲು ಅವರಿಗೆ ಹಕ್ಕೂ ಇತ್ತು. ಹದಿನೆಂಟು ಹತ್ತೊಂಬತ್ತರ ಹುಡುಗ ಅವರಿಬ್ಬರನ್ನೂ ಬಿಟ್ಟು, ದೂರದಲ್ಲಿ ಬುಟ್ಟಿಯ ಬಳಿಯಿದ್ದ ಡಿಯಾಕಿಟೆಗೆ ನೇರ ಎಸೆದ. ಡಿಯಾಕಿಟೆ ಹಿಡಿದದ್ದೂ ಎಸೆದದ್ದೂ ಒಂದೇ ಚಲನೆ. ಗಂಟೆ ಮೊಳಗುವಾಗ ಚೆಂಡು ಗಾಳಿಯಲ್ಲಿತ್ತು. 70-70. ಹೆಚ್ಚುವರಿ ಅವಧಿಯ ನಂತರ 80-75.

ಇದನ್ನು ನೋಡಿದಾಗೆಲ್ಲ ನನ್ನ ಕೈ ಜಾನ್ ಮೆಕ್‌ಫೀ ಬರೆದ 1965ರ ‘ಎ ಸೆನ್ಸ್ ಆಫ್ ವೇರ್ ಯೂ ಆರ್’ ಪುಸ್ತಕಕ್ಕೆ ಹೋಗುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಆಡುತ್ತಿದ್ದ ಬಿಲ್ ಬ್ರ್ಯಾಡ್ಲಿಯ ಬಗ್ಗೆ ಬಂದ ಆ ಪುಟ್ಟ ಪುಸ್ತಕ ನನಗೆ ಆಟಗಾರನನ್ನು ನೋಡುವುದನ್ನು ಕಲಿಸಿತು. ಮಿಸೌರಿಯ ಕ್ರಿಸ್ಟಲ್ ಸಿಟಿ ಎಂಬ ಸಣ್ಣ ಊರಿನ ಹುಡುಗ ಬ್ರ್ಯಾಡ್ಲಿ. ಮುಂದೆ ರೋಡ್ಸ್ ವಿದ್ಯಾರ್ಥಿ, ನ್ಯೂಯಾರ್ಕ್ ನಿಕ್ಸ್ ಆಟಗಾರ, ನ್ಯೂಜೆರ್ಸಿಯ ಸೆನೆಟರ್. 1965ರ ಟೂರ್ನಿಯಲ್ಲಿ ಮೂರನೇ ಸ್ಥಾನದ ಪಂದ್ಯದಲ್ಲಿ ವಿಚಿಟಾ ಸ್ಟೇಟ್ ವಿರುದ್ಧ 58 ಅಂಕ ಗಳಿಸಿದ. ಆ 58ನ್ನೇ ಹಿಡಿದು ಪುಸ್ತಕ ಬರೆಯಬಹುದಿತ್ತು. ಮೆಕ್‌ಫೀ ಹಿಡಿದದ್ದು ಬೇರೆ ದಾರಿ.

ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಬ್ರ್ಯಾಡ್ಲಿ ಲಾರೆನ್ಸ್‌ವಿಲ್‌ನ ಶಾಲೆಯೊಂದರ ಜಿಮ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಒಂದರ ಹಿಂದೆ ಒಂದು ಎಸೆತ ತಪ್ಪುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿ, ಈ ಬುಟ್ಟಿ ಸುಮಾರು ಒಂದೂವರೆ ಇಂಚು ಕೆಳಗಿದೆ ಎನ್ನುತ್ತಾನೆ. ನಂತರ ತನ್ನ ಎಸೆತವನ್ನು ಅಷ್ಟಕ್ಕೇ ಹೊಂದಿಸಿಕೊಂಡು ಹಾಕತೊಡಗುತ್ತಾನೆ. ಮೆಕ್‌ಫೀ ಅಲ್ಲಿಗೇ ಬಿಡಲಿಲ್ಲ. ಕೆಲವು ವಾರಗಳ ಮೇಲೆ ಉಕ್ಕಿನ ಟೇಪು ಹಿಡಿದು ಅದೇ ಜಿಮ್‌ಗೆ ಹೋಗಿ, ಏಣಿ ತರಿಸಿ ಅಳೆದರು. ಹತ್ತಡಿಗೆ ಇರಬೇಕಾದ ಬುಟ್ಟಿ ಒಂದು ಇಂಚು, ಮತ್ತೆ ಇಂಚಿನ ಎಂಟನೇ ಒಂದು ಪಾಲು ಕೆಳಗಿತ್ತು. ಅಷ್ಟಕ್ಕೂ ತೃಪ್ತರಾಗದೆ ಆಟಗಾರನನ್ನು ಕಣ್ಣಿನ ವೈದ್ಯರ ಬಳಿಗೂ ಕರೆದುಕೊಂಡು ಹೋದರು. ಬದಿಗಳಲ್ಲಿ ಅವನ ದೃಷ್ಟಿಯ ಹರವು 180 ಡಿಗ್ರಿಯನ್ನೂ ಮೀರಿತ್ತು. ಬೆನ್ನು ತಿರುಗಿಸಿ ನಿಂತು, ಭುಜದ ಮೇಲಿಂದ, ನೋಡದೆಯೇ ಚೆಂಡು ಹಾಕುವುದು ಹೇಗೆ ಎಂದು ಕೇಳಿದ್ದಕ್ಕೆ ಬ್ರ್ಯಾಡ್ಲಿ ಕೊಟ್ಟ ಉತ್ತರವೇ ಪುಸ್ತಕದ ಹೆಸರಾಯಿತು: ಆಡಿ ಆಡಿ ತಾನೆಲ್ಲಿದ್ದೇನೆ ಎಂಬ ಅರಿವು ಮೈಯಲ್ಲಿ ಕೂತುಬಿಡುತ್ತದೆ ಎಂಬುದು ಆ ಮಾತಿನ ಸಾರ.

ಆಟಗಾರನನ್ನು ಅಳೆಯುವವನು ಹೀಗೆ ಅಳೆಯಬೇಕು. ಅಂಕಪಟ್ಟಿಯಿಂದ ಶುರು ಮಾಡು, ಅದು ಏನನ್ನು ನುಂಗಿಕೊಂಡಿದೆ ಎಂದು ಹುಡುಕು, ಅಗತ್ಯವಿದ್ದರೆ ಏಣಿ ತರಿಸು.

ಮೆಕ್‌ಫೀ ಬರೆದದ್ದು ಒಬ್ಬ ಆಟಗಾರನ ಅರಿವಿನ ಬಗ್ಗೆ. ಲೂಯಿವಿಲ್‌ನ ಆ ಐದು ಸೆಕೆಂಡುಗಳಲ್ಲಿ ನನಗೆ ಕಾಣುವುದು ಅದರ ಮುಂದಿನ ಅಧ್ಯಾಯ. ತಾನೆಲ್ಲಿದ್ದೇನೆ ಎಂಬುದು ಕ್ಲಾರ್ಕ್‌ಗೆ ಗೊತ್ತಿತ್ತು, ಡಿಯಾಕಿಟೆ ಎಲ್ಲಿರುತ್ತಾನೆ ಎಂಬುದೂ ಗೊತ್ತಿತ್ತು. ಚೆಂಡನ್ನು ತಟ್ಟಿದ ಡಿಯಾಕಿಟೆ ಗಾಬರಿಯಲ್ಲಿ ಅದರ ಹಿಂದೆ ಓಡಲಿಲ್ಲ. ಎಸೆಯಬಹುದಾದ ಜಾಗದಲ್ಲಿ ನಿಂತ, ಕ್ಲಾರ್ಕ್ ತನ್ನನ್ನು ಕಾಣುತ್ತಾನೆ ಎಂದು ನಂಬಿದ. ಆ ಪಾಸ್‌ಗೆ ಎರಡು ತುದಿಗಳಿದ್ದವು. ಅದನ್ನು ಕ್ಲಾರ್ಕ್‌ನ ಖಾತೆಗೆ ಬರೆಯಬೇಕೋ ಡಿಯಾಕಿಟೆಯ ಖಾತೆಗೋ ಎಂದು ಯೋಚಿಸುತ್ತ ಕೂತಾಗಲೇ ಒಂದರಿಂದ ಎಂಟರವರೆಗಿನ ನನ್ನ ಪಟ್ಟಿ ಕೈಬಿಟ್ಟುಹೋಯಿತು.

ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಅದೇ ಕ್ಲಾರ್ಕ್‌ನ ಇನ್ನೊಂದು ಪಾಸ್. ಮಾರ್ಚ್ 16, 2023. ಆ ಹೊತ್ತಿಗೆ ಅವನು ಐದನೇ ವರ್ಷದ ಹಿರಿಯ, ವರ್ಜೀನಿಯಾದ ಅಸಿಸ್ಟ್ ದಾಖಲೆಯೇ ಅವನ ಹೆಸರಿನಲ್ಲಿದೆ. ಎದುರಿಗೆ 13ನೇ ಶ್ರೇಯಾಂಕದ ಫರ್ಮನ್. ವರ್ಜೀನಿಯಾ 67-65 ಮುಂದೆ, ಉಳಿದದ್ದು ಕೆಲವೇ ಸೆಕೆಂಡು. ಮೂಲೆಯಲ್ಲಿ ಇಬ್ಬರು ಅಡ್ಡಗಟ್ಟಿದಾಗ ಕ್ಲಾರ್ಕ್ ಚೆಂಡನ್ನು ಕೋರ್ಟಿನ ನಡುವಿಗೆ ಎತ್ತಿ ಎಸೆದ. ಆ ತುದಿಯಲ್ಲಿ ಅವನ ತಂಡದವರು ಯಾರೂ ಇರಲಿಲ್ಲ. ಫರ್ಮನ್ ಹುಡುಗರು ಹಿಡಿದು ಮೂರಂಕ ಹಾಕಿ 68-67ರಿಂದ ಗೆದ್ದರು. ಅದೇ ಕೈ, ಅದೇ ಧೈರ್ಯ, ನಾಲ್ಕು ವರ್ಷದ ಹೆಚ್ಚಿನ ಅನುಭವ. ಆ ಒಂದು ಗಳಿಗೆಯಲ್ಲಿ ಇಲ್ಲದಿದ್ದದ್ದು ಪಾಸ್‌ನ ಇನ್ನೊಂದು ತುದಿ. ಕ್ಲಾರ್ಕ್‌ನ ಗುಣ 2019ರಲ್ಲಿ ಇಷ್ಟು, 2023ರಲ್ಲಿ ಇಷ್ಟು ಎಂದು ಅಂಕ ಹಾಕಿದರೆ ಈ ಎರಡು ಪಂದ್ಯಗಳ ಬಗ್ಗೆ ನಾವು ಏನನ್ನೂ ಹೇಳಿದಂತಾಗುವುದಿಲ್ಲ.

ಆದ್ದರಿಂದ ಎಂಟು ಸ್ಥಾನಗಳ ಬದಲು ಜೋಡಿಗಳನ್ನು ಕೊಡುತ್ತೇನೆ. ಮೊದಲನೆಯದು ಜೆರೋಮ್ ಮತ್ತು ಹಂಟರ್. ರಕ್ಷಣೆಯನ್ನು ಒಳಗೆ ಎಳೆಯುವವನೊಬ್ಬ, ಹೊರಗೆ ಅದರ ಫಲ ಪಡೆಯುವವನೊಬ್ಬ. ಚಾಂಪಿಯನ್ ಪಟ್ಟ ನಿಂತದ್ದು ಇವರ ಮೇಲೆ. ಇಬ್ಬರಲ್ಲಿ ಒಬ್ಬನನ್ನು ಆರಿಸಲೇಬೇಕು ಎಂದು ಡ್ರಾಫ್ಟ್ ಪಂಥ ಪಟ್ಟು ಹಿಡಿದರೆ ನಾನು ಜೆರೋಮ್ ಎನ್ನುತ್ತೇನೆ, ಯಾಕೆಂದರೆ ಎಂಟೂ ಮಂದಿಯಲ್ಲಿ ಅತಿ ಹೆಚ್ಚು ಜನರ ಕೆಲಸವನ್ನು ಹಗುರ ಮಾಡಿದವನು ಅವನು. ವೇಗ ಸಾಲದು ಎನಿಸಿಕೊಂಡ ಆ 24ನೇ ಆಯ್ಕೆಯವನು 2024-25ರಲ್ಲಿ ಕ್ಲೀವ್‌ಲ್ಯಾಂಡ್ ಪರ ಆಡಿ ಎನ್‌ಬಿಎ ಸಿಕ್ಸ್ತ್ ಮ್ಯಾನ್ ಪ್ರಶಸ್ತಿಯ ಅಂತಿಮ ಮೂವರಲ್ಲಿ ಒಬ್ಬನಾದ. ಎರಡನೆಯ ಜೋಡಿ ಗೈ ಮತ್ತು ಸಾಲ್ಟ್, ಕಾರಣ ಮೇಲೆ ಬರೆದಾಗಿದೆ. ಮೂರನೆಯದು ಕ್ಲಾರ್ಕ್ ಮತ್ತು ಡಿಯಾಕಿಟೆ. ಹಫ್ ಆ ವರ್ಷ ಇನ್ನೂ ಕಲಿಯುತ್ತಿದ್ದ. ಉಳಿದವನು ಕೀ, ಅವನಿಗೆ ಜೋಡಿ ಬೇಕಿಲ್ಲ. ಯಾರ ಪಕ್ಕಕ್ಕೆ ಹಾಕಿದರೂ ಸಲ್ಲುವವನು. ಫೈನಲ್‌ನಲ್ಲಿ ಬೆಂಚಿನಿಂದ ಬಂದು 10 ರೀಬೌಂಡ್ ಹಿಡಿದ. ನಿಗದಿತ ಅವಧಿಯ ಕೊನೆಯ ಕ್ಷಣದಲ್ಲಿ ಕಲ್ವರ್‌ನ ಎಸೆತವನ್ನು ತಡೆದು, ಹೆಚ್ಚುವರಿ ಅವಧಿ ಎಂಬುದು ಇರುವಂತೆ ಮಾಡಿದ. ಆ ಐದು ನಿಮಿಷಗಳಲ್ಲಿ ವರ್ಜೀನಿಯಾ 12 ಫ್ರೀ ಥ್ರೋಗಳಲ್ಲಿ 12ನ್ನೂ ಹಾಕಿತು.

ಕೀ ಬೇರೆ ಕಾಲೇಜಿನಿಂದ ಬಂದವನು ಎಂಬುದನ್ನು ನೆನಪಿಸುವುದಕ್ಕೆ ಕಾರಣವಿದೆ. ಈಗ ಟ್ರಾನ್ಸ್‌ಫರ್ ಪೋರ್ಟಲ್‌ನ ಕಾಲ. 2021ರಿಂದ ನಿಯಮಗಳು ಸಡಿಲವಾಗುತ್ತ ಬಂದು, ಕಾಲೇಜು ಬದಲಿಸಿದವನು ಒಂದು ವರ್ಷ ಕೂರಬೇಕಿಲ್ಲ, ಹೆಸರು ಮತ್ತು ಚಹರೆಯ ಮೇಲೆ ದುಡಿಯಲೂ ಅಡ್ಡಿಯಿಲ್ಲ. ಆಟಗಾರರಿಗೆ ಸಿಕ್ಕ ಈ ಹಕ್ಕನ್ನು ನಾನು ಮನಸಾರೆ ಒಪ್ಪುತ್ತೇನೆ. ಅವರ ಬೆವರಿನಿಂದ ಕೋಟಿಗಳು ಹರಿಯುತ್ತಿದ್ದಾಗ ಅವರ ಕೈ ಮಾತ್ರ ಬರಿದಾಗಿತ್ತು. ಆದರೆ ತಂಡವನ್ನು ಅಳೆಯುವ ನಮ್ಮ ಕೆಲಸ ಇದರಿಂದ ಕಷ್ಟವಾಗಿದೆ. ಹಂಟರ್, ಗೈ, ಜೆರೋಮ್, ಹಫ್ ನಾಲ್ವರೂ 2016ರಲ್ಲಿ ಒಟ್ಟಿಗೆ ಬಂದವರು. ಸಾಲ್ಟ್, ಡಿಯಾಕಿಟೆ ಅವರಿಗೂ ಹಿಂದಿನವರು. ಗೈ ಯಾವ ಭುಜದ ಕಡೆಯಿಂದ ಬರುತ್ತಾನೆ ಎಂದು ಸಾಲ್ಟ್‌ಗೆ ತಿಳಿಯಲು ಮೂರು ವರ್ಷಗಳ ಅಭ್ಯಾಸವಿತ್ತು. ಇಂದಿನ ಎಷ್ಟೋ ತಂಡಗಳಿಗೆ ಇರುವುದು ಒಂದು ಬೇಸಿಗೆ. 2024ರ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ವಾರಗಳಿರುವಾಗ, ಈ ಹೊಸ ವಾತಾವರಣಕ್ಕೆ ತಾನು ತಕ್ಕವನಲ್ಲ ಎಂದು ಬೆನೆಟ್ ಕೆಲಸ ಬಿಟ್ಟದ್ದು ನನಗಿಂದಿಗೂ ನೋವಿನ ಸಂಗತಿ.

ಹಾಗಾದರೆ ಈಗಿನ ಪಟ್ಟಿಯನ್ನು ನೋಡುವುದು ಹೇಗೆ? ನವೆಂಬರ್‌ನ ಮೊದಲ ಪಂದ್ಯಗಳಲ್ಲಿ ಯಾರು ಎಷ್ಟು ಹಾಕಿದರು ಎಂಬುದನ್ನು ಪಕ್ಕಕ್ಕಿಡಿ. ಐದು ನಿಮಿಷ ಚೆಂಡನ್ನು ಬಿಟ್ಟು ಒಬ್ಬನನ್ನೇ ನೋಡಿ, ಅದೂ ಪಟ್ಟಿಯ ಕೆಳಗಿನ ಅರ್ಧದಲ್ಲಿರುವ ಒಬ್ಬನನ್ನು. ಅವನು ಸ್ಕ್ರೀನ್ ಹಾಕಿದಾಗ ಓಡುವವನು ಅದನ್ನು ನಂಬಿ ಉಜ್ಜಿಕೊಂಡು ಹೋಗುತ್ತಾನೆಯೇ, ದೂರ ಸರಿದು ಹೋಗುತ್ತಾನೆಯೇ? ಒಬ್ಬ ಸೋತು ಹಿಂದುಳಿದಾಗ ಇನ್ನೊಬ್ಬ ಕರೆಯದೆಯೇ ಆ ಜಾಗಕ್ಕೆ ಬರುತ್ತಾನೆಯೇ? ನವೆಂಬರ್‌ನಲ್ಲಿ ಇಲ್ಲದ ಈ ನಂಬಿಕೆ ಫೆಬ್ರುವರಿಯಲ್ಲಿ ಕಂಡರೆ ಆ ತಂಡ ಮಾರ್ಚ್‌ನಲ್ಲಿ ದೂರ ಹೋಗುತ್ತದೆ. ಫೆಬ್ರುವರಿಯಲ್ಲೂ ಕಾಣದಿದ್ದರೆ ಅದರಲ್ಲಿ ಎಷ್ಟೇ ಭಾವಿ ಎನ್‌ಬಿಎ ಆಟಗಾರರಿದ್ದರೂ ನನ್ನ ಹಣ ಅದರ ಮೇಲಿಲ್ಲ. ಮುಂದಿನ ವಾರ ಇದೇ ಅಳತೆಯನ್ನು ಆ ಫೈನಲ್‌ನಲ್ಲಿ ಸೋತ ಟೆಕ್ಸಸ್ ಟೆಕ್‌ಗೆ ಹಚ್ಚಿ ನೋಡುತ್ತೇನೆ. ಕೋಚ್ ಕ್ರಿಸ್ ಬಿಯರ್ಡ್ ಅವರ ಆ ಹುಡುಗರಿಗೂ ಇಷ್ಟೇ ಜಾಗ ಸಲ್ಲಬೇಕು.